ಮೊದಲ ಅಡಿ ಇಲ್ಲದ ಟೇಪು

ಆಟಗಾರ್ತಿಯರೆಲ್ಲ ಅವನನ್ನು ಗೆರೆ ಮಾಮ ಎಂದೇ ಕರೆಯುತ್ತಿದ್ದರು. ಮಾಮ ಎಂದು ಶುರು ಮಾಡಿದವಳು ಅವನ ತಂಗಿಯ ಮಗಳು. ಒಂಬತ್ತು ವರ್ಷದವಳಿದ್ದಾಗ ಶಾಲೆಯ ಚೀಲವನ್ನು ಮೈದಾನದ ಬೇಲಿಗೆ ನೇತುಹಾಕಿ "ಮಾಮ, ಮಾಮ" ಎಂದು ಅವನ ಹಿಂದೆಯೇ ಸುತ್ತುತ್ತಿದ್ದಳು. ಕೇಳಿ ಕೇಳಿ ಉಳಿದವರ ನಾಲಿಗೆಗೂ ಅದೇ ಹತ್ತಿತು. ಗೆರೆ ಎಂಬುದು ಕೆಲಸದಿಂದ ಬಂದದ್ದು. ಆ ಊರಿನ ಸಾಫ್ಟ್‌ಬಾಲ್ ಮೈದಾನದಲ್ಲಿ ಹುಲ್ಲು ಕತ್ತರಿಸುವವನು, ಮಣ್ಣು ಹದ ಮಾಡುವವನು, ಸುಣ್ಣದ ಗೆರೆ ಎಳೆಯುವವನು ಮೂವತ್ತೊಂದು ವರ್ಷದಿಂದ ಅವನೊಬ್ಬನೇ.

ಗೆರೆಯ ವಿಷಯದಲ್ಲಿ ಅವನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಚಾಪೆ ಗೋಡೆಗೆ ಸಮನಾಗಿ ಹಾಸಿರದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಅವನು ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದಿದ್ದ. ಗಂಡನಿಲ್ಲದ ತಂಗಿ ಮುಂದಿನ ಕೋಣೆಯಲ್ಲಿ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಸಂಸಾರ ತೂಗಿಸುತ್ತಿದ್ದಳು. ಅವಳು ಮಡಿಸಿಟ್ಟ ಹೊದಿಕೆಗಳ ಅಂಚು ಒಂದು ಬೆರಳು ಆಚೀಚೆಯಾಗಿದ್ದರೂ ಇವನು ಹೋಗುತ್ತ ಬರುತ್ತ ಅದನ್ನು ಸರಿಪಡಿಸುವವನೇ.

"ಅಣ್ಣಾ, ಇದನ್ನ ಹೊದ್ಕೊಳ್ಳೋರು ಜ್ವರ ಬಂದು ಮಲಗಿರ್ತಾರೆ. ಎದ್ದು ಅಂಚು ಅಳೆಯಲ್ಲ ಬಿಡು," ಎಂದು ಅವಳು ಛೇಡಿಸುತ್ತಿದ್ದಳು.

ಇಂಥ ಅಚ್ಚುಕಟ್ಟಿನ ಮನುಷ್ಯನ ಕೈಯಲ್ಲಿದ್ದ ಟೇಪು ಮಾತ್ರ ಮೂಗು ಕೊಯ್ದದ್ದು. ಹತ್ತೊಂಬತ್ತು ವರ್ಷದ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಅದರ ತುದಿಯನ್ನು ನುಂಗಿಬಿಟ್ಟಿತ್ತು. ಹರಿದ ಭಾಗವನ್ನು ಅವನು ಒಂದು ಅಡಿಯ ಗುರುತಿಗೆ ನೇರವಾಗಿ ಕತ್ತರಿಸಿ, ಅಲ್ಲಿಗೊಂದು ಹಿತ್ತಾಳೆಯ ಬಳೆ ಹೊಲಿದುಕೊಂಡ. ಹೊಸದು ಕೊಡಿ ಎಂದು ಬರೆದ ಅರ್ಜಿ ಯಾವ ಕಡತದಲ್ಲಿ ಮಲಗಿತೋ, ಏಳಲೇ ಇಲ್ಲ. ಹಾಳಾಗಿ ಹೋಗಲಿ ಎಂದು ಅವನೇ ಒಂದು ದಾರಿ ಮಾಡಿಕೊಂಡ. ಏನು ಅಳೆದರೂ ಟೇಪಿನಲ್ಲಿ ಒಂದು ಅಡಿ ಹೆಚ್ಚಿಗೆ ಎಳೆಯುವುದು. ಇಪ್ಪತ್ತು ಬೇಕಿದ್ದರೆ ಇಪ್ಪತ್ತೊಂದು. ಈ ಆಟದಲ್ಲಿ ಚೆಂಡು ಎಸೆಯುವವಳು ಒಂದು ಬಿಳಿ ರಬ್ಬರ್ ಹಲಗೆಯ ಮೇಲೆ ಕಾಲಿಟ್ಟು ಎಸೆಯಬೇಕು. ಆ ಹಲಗೆ ಬ್ಯಾಟಿನವಳ ಪಕ್ಕದ ಹೋಮ್ ಪ್ಲೇಟಿನಿಂದ ನಲವತ್ತಮೂರು ಅಡಿ ದೂರ ಇರಬೇಕು. ಅವನು ನಲವತ್ತನಾಲ್ಕಕ್ಕೆ ಎಳೆದು ಗೂಟ ಹೊಡೆಯುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆ ಎಳೆದೆಳೆದು ಆ ಲೆಕ್ಕ ತಲೆಯಿಂದ ಕೈಗಿಳಿದಿತ್ತು. ನಲವತ್ತನಾಲ್ಕು ಬಂದರೆ ಕೈ ತಾನಾಗಿ ನಿಲ್ಲುತ್ತಿತ್ತು.

ತಂಗಿಯ ಮಗಳಿಗೆ ಮನೆಯಲ್ಲಿ ಕವಣೆ ಎಂದು ಹೆಸರು. ಹತ್ತನೇ ವಯಸ್ಸಿಗೇ ಎದುರುಮನೆಯ ಮೂರು ಕಿಟಕಿ ಒಡೆದಿದ್ದಳು, ಅದಕ್ಕೆ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡುವುದನ್ನು ಅವಳು ಕಲಿತದ್ದು ಮಾಮ ಹಾಕಿಕೊಟ್ಟ ಹಲಗೆಯ ಮೇಲೆಯೇ. ಯಾವ ಪಂದ್ಯವಿರಲಿ, ಹಲಗೆಯ ಮೇಲೆ ಕಾಲಿಡುವ ಮೊದಲು ಅವಳು ಬೇಲಿಯ ಕಡೆ ತಿರುಗಿ, "ಮಾಮ, ಸರಿ ಇದೆಯಾ?" ಎಂದು ಕೇಳಬೇಕು, ಅವನು "ಸರಿ ಇದೆ" ಎನ್ನಬೇಕು. ಅದಾಗದೆ ಅವಳ ತೋಳು ಮೇಲೇಳುತ್ತಿರಲಿಲ್ಲ.

ಕವಣೆಗೆ ಇಪ್ಪತ್ತೆರಡಾದ ವರ್ಷ ಅವಳನ್ನು ದೇಶದ ತಂಡಕ್ಕೆ ಆರಿಸಿದರು. ಅದೇ ವರ್ಷ ಎಂಟು ದೇಶಗಳ ಪಂದ್ಯಾವಳಿ ಅದೇ ಮೈದಾನಕ್ಕೆ ಬಂತು. ಮನೆಯವರು ಹಿಗ್ಗಿ ಮುಗಿಯುವಷ್ಟರಲ್ಲಿ ರಾಜಕೀಯ ಬಂದು ಹುಳಿ ಹಿಂಡಿತು. ಪಕ್ಕದ ದೇಶದೊಂದಿಗೆ ಮೀನಿನ ದೋಣಿಗಳ ಜಗಳ ಹೊತ್ತಿಕೊಂಡಿತ್ತು. ಅವರು ಇವರ ದೋಣಿ ಹಿಡಿದರು, ಇವರು ಅವರ ದೋಣಿ ಹಿಡಿದರು. ಎರಡೂ ಕಡೆಯ ರಾಯಭಾರಿಗಳು ಗಂಟುಮೂಟೆ ಕಟ್ಟಿದರು. ಅಂಚೆ ನಿಂತಿತು, ವಿಮಾನ ನಿಂತಿತು. ಆದರೆ ಯಾರು ಯಾರೊಂದಿಗೆ ಆಡಬೇಕೆಂಬ ಪಟ್ಟಿ ಜಗಳಕ್ಕೂ ಮೊದಲೇ ಅಚ್ಚಾಗಿತ್ತು. ಮೊದಲ ಪಂದ್ಯವೇ ಈ ಎರಡು ದೇಶಗಳದ್ದು.

ಅವರನ್ನು ಕರೆಯಲೇಬಾರದು ಎಂದು ಒಂದು ಗುಂಪು ಮೈದಾನದ ಗೇಟಿನ ಮುಂದೆ ಕೂತಿತು. ಕರೆದು ಸೋಲಿಸಿ ಕಳಿಸಬೇಕು ಎಂದು ಇನ್ನೊಂದು ಗುಂಪು ಎದುರುಗಡೆ ಕೂತಿತು. ಸಾಫ್ಟ್‌ಬಾಲಿನಲ್ಲಿ ಒಂದು ಕಡೆಗೆ ಎಷ್ಟು ಜನ ಎಂದು ಕೇಳಿದರೆ ಬೆಬ್ಬೆಬ್ಬೆ ಎನ್ನುವವರೆಲ್ಲ ಟೀವಿಯಲ್ಲಿ ಕೂತು ದೇಶದ ಮಾನದ ಬಗ್ಗೆ ಗಂಟಲು ಹರಿದುಕೊಂಡರು. ಕೊನೆಗೆ ಮಂತ್ರಿಗಳು, ಅವರು ಬರಲಿ, ಬಾವುಟ ಹಾರಿಸದೆ ಆಡಲಿ ಎಂದರು. ಆ ಹುಡುಗಿಯರು ಮೂರನೇ ದೇಶವೊಂದನ್ನು ಬಳಸಿಕೊಂಡು, ಎರಡು ದಿನ ಪ್ರಯಾಣ ಮಾಡಿ, ಪೊಲೀಸರ ನಡುವೆ ಬಸ್ಸಿನಿಂದಿಳಿದರು.

ಈ ಗದ್ದಲವನ್ನು ಗೆರೆ ಮಾಮ ಕಿವಿಗೆ ಹಾಕಿಕೊಂಡಿರಲಿಲ್ಲ. ಅವನ ತಲೆಯ ತುಂಬ ಮಣ್ಣು. ಪಂದ್ಯಾವಳಿಗೆಂದು ಎಸೆತದ ಜಾಗದ ಹಳೇ ಮಣ್ಣನ್ನೆಲ್ಲ ತೆಗೆದು ಹೊಸದು ತುಂಬಿಸಿದ್ದರು. ಅಲ್ಲಿನ ಹಲಗೆಯೊಂದನ್ನು ಹೊಸದಾಗಿ ಕೂರಿಸಬೇಕಿತ್ತು. ಪಂದ್ಯಕ್ಕೆ ಎರಡು ದಿನ ಮುಂಚೆ ಮೈದಾನದ ಕಾರ್ಯದರ್ಶಿ ಅವನ ಸಾಮಾನಿನ ಕೊಠಡಿಗೆ ಬಂದು ಒಂದು ಹಳದಿ ಟೇಪನ್ನು ಅವನ ಕೈಗಿಟ್ಟರು. ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇತ್ತು.

"ಆ ಹಳೇದು ಕ್ಯಾಮೆರಾ ಕಣ್ಣಿಗೆ ಬೀಳ್ಬಾರ್ದು. ಹೊರಗಡೆಯವರು ನೋಡಿದ್ರೆ ನಗ್ತಾರೆ."

ಗೆರೆ ಮಾಮ ಹಳೆಯದನ್ನು ಊಟದ ಚೀಲಕ್ಕೆ ಹಾಕಿದ. ಹೊಸ ಟೇಪಿನ ಕೊಕ್ಕೆಯನ್ನು ಹೋಮ್ ಪ್ಲೇಟಿನ ಹಿಂದಿನ ಮೂಲೆಗೆ ಸಿಕ್ಕಿಸಿ ಎಳೆದ. ನಲವತ್ತನಾಲ್ಕಕ್ಕೆ ಕೈ ನಿಂತಿತು. ಗೂಟ ಹೊಡೆದು ಹಲಗೆ ಕೂರಿಸಿ, ಹಗ್ಗ ಹಿಡಿದು ಸುತ್ತಲೂ ಸುಣ್ಣದ ವೃತ್ತ ಎಳೆದ. ಮೂರು ಹೆಜ್ಜೆ ಹಿಂದೆ ಸರಿದು ನೋಡಿದ. ಕಣ್ಣಿಗೆ ಬಹಳ ಚೆನ್ನಾಗಿ ಕಂಡಿತು.

ಪಂದ್ಯದ ಬೆಳಿಗ್ಗೆ ಅಂಪೈರು ಮತ್ತು ಅಧಿಕಾರಿಗಳು ಎಲ್ಲವನ್ನೂ ಇನ್ನೊಮ್ಮೆ ಅಳೆದು ಸಹಿ ಹಾಕಬೇಕೆಂಬುದು ನಿಯಮ. ಆದರೆ ಅವತ್ತು ಅವರೆಲ್ಲ ಬಾವುಟದ ಜಗಳದಲ್ಲಿ ಮುಳುಗಿದ್ದರು. ಅತಿಥಿಗಳ ಅಂಗಿಯ ತೋಳಿನ ಮೇಲೆ ಹೆಬ್ಬೆಟ್ಟಿನಷ್ಟು ಬಾವುಟ ಹೊಲಿದಿತ್ತು. ಅದನ್ನು ಬಿಡಬೇಕೋ, ಪಟ್ಟಿ ಅಂಟಿಸಿ ಮುಚ್ಚಬೇಕೋ ಎಂದು ಒಂದೂವರೆ ಗಂಟೆ ಚರ್ಚೆಯಾಯಿತು. ಅಳತೆಯ ಹಾಳೆ ಬಂದಾಗ ಅಧಿಕಾರಿ, "ಗೆರೆ ಮಾಮ ಅಳೆದಿದ್ದಾರಲ್ಲ, ಇನ್ನೇನು," ಎಂದು ನಿಂತಲ್ಲೇ ಗೀಚಿದ.

ಕವಣೆ ಹಲಗೆಯ ಬಳಿ ಬಂದು ಬೇಲಿಯ ಕಡೆ ತಿರುಗಿದಳು. "ಮಾಮ, ಸರಿ ಇದೆಯಾ?"

"ಸರಿ ಇದೆ."

ಅತಿಥಿಗಳ ಪರವಾಗಿ ಎಸೆಯುತ್ತಿದ್ದವಳು ಉದ್ದ ಕತ್ತಿನ ಒಬ್ಬ ಎಡಗೈ ಹುಡುಗಿ. ಹೆಚ್ಚೆಂದರೆ ಇಪ್ಪತ್ತು. ಮೈದಾನದ ಪಕ್ಕದ ಅಭ್ಯಾಸದ ಪಟ್ಟಿಯಲ್ಲಿ, ಹಳೇ ಟೇಪಿನಲ್ಲಿ ಅಳೆದು ಹಾಕಿದ್ದ ಹಲಗೆಯ ಮೇಲೆ, ಅವಳ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಒಳಗೆ ಬಂದದ್ದೇ ತಡ, ಬ್ಯಾಟಿನವಳ ಮೊಣಕಾಲಿಗಿಂತ ಕೆಳಗೆ ಬೀಳತೊಡಗಿತು. ಕವಣೆಯದೂ ಅದೇ ಪಾಡು. ಮೊದಲೆರಡು ಇನ್ನಿಂಗ್ಸಿನಲ್ಲಿ ಇಬ್ಬರೂ ಬೆವರು ಸುರಿಸಿದರು. ಮೂರನೆಯದರಲ್ಲಿ ಎಡಗೈ ಹುಡುಗಿ ಕೈಯೆತ್ತಿ ಆಟ ನಿಲ್ಲಿಸಿ, ಹಲಗೆ ದೂರ ಇದೆ, ಅಳೆಯಿರಿ ಎಂದಳು. ನೋಡುತ್ತಿದ್ದವರು ಸಿಳ್ಳೆ ಹೊಡೆದು ಅವಳ ಬಾಯಿ ಮುಚ್ಚಿಸಿದರು. ಆಟ ನಿಲ್ಲಿಸಿದರೆ ಗೇಟು ಮುರಿಯುತ್ತಾರೆಂದು ಹೆದರಿದ ಅಂಪೈರು, ಮುಗಿದ ಮೇಲೆ ಬರೆದುಕೊಡಿ ಎಂದ. ಕೊನೆಗೆ ಕವಣೆಯ ಕಡೆಯವರು ನಾಲ್ಕು, ಅವರು ಮೂರು. ದೇಶದ ಅಂಗಿ ತೊಟ್ಟು ಕವಣೆ ಗೆದ್ದ ಮೊದಲ ಪಂದ್ಯ ಅದು. ಜನ ಎದ್ದು ಕುಣಿದರು. ಆ ಗಲಾಟೆಯ ನಡುವೆಯೇ ಎಡಗೈ ಹುಡುಗಿ ಹೋಮ್ ಪ್ಲೇಟಿನಿಂದ ಹಲಗೆಯವರೆಗೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆದು ತನ್ನ ಪಾದಗಳಲ್ಲಿ ಅಳೆದಳು. ಯಾವಾಗಲೂ ನಲವತ್ತೊಂಬತ್ತು ಪಾದ ಬರುತ್ತದೆ, ಇಲ್ಲಿ ಐವತ್ತು ದಾಟಿತು ಎಂದು ಅವಳ ತರಬೇತುದಾರ ದೂರು ಬರೆದುಕೊಟ್ಟ. ಸಂಜೆ ನಾಲ್ಕಕ್ಕೆ ಎಲ್ಲರೆದುರು ಅಳೆಯುವುದೆಂದು ತೀರ್ಮಾನವಾಯಿತು.

ಗೆರೆ ಮಾಮನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಮೂವತ್ತೊಂದು ವರ್ಷದಲ್ಲಿ ಅವನ ಅಳತೆಗೆ ಬೆರಳು ತೋರಿಸಿದವರಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಒಮ್ಮೆ ನೋಡಿಯೇಬಿಡೋಣ ಎಂದು ಊಟದ ಚೀಲದಿಂದ ಹಳೇ ಟೇಪು ತೆಗೆದ. ಬಳೆಯನ್ನು ಪ್ಲೇಟಿನ ಮೂಲೆಗೆ ಸಿಕ್ಕಿಸಿ ಎಳೆದ. ಹಲಗೆಯ ಅಂಚಿನಲ್ಲಿ ನಲವತ್ತನಾಲ್ಕು ಇರಬೇಕಿತ್ತು. ನಲವತ್ತೈದು ಇತ್ತು. ಟೇಪು ಹಿಗ್ಗಿದೆ ಎಂದುಕೊಂಡು ಹೊಸದನ್ನು ತಂದ. ಅದರಲ್ಲಿ ಸರಿಯಾಗಿ ನಲವತ್ತನಾಲ್ಕು. ಆ ಹಳದಿ ಟೇಪಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡುತ್ತ ಕುಕ್ಕರುಗಾಲಿನಲ್ಲೇ ಕೂತುಬಿಟ್ಟ. ಮೊದಲ ಅಡಿ ಇತ್ತು. ಹೊಚ್ಚಹೊಸ ಮೊದಲ ಅಡಿ. ಅವನ ಕೈ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕಾಲು ಎಳೆದುಕೊಂಡು ಕಾರ್ಯದರ್ಶಿಯ ಕೊಠಡಿಗೆ ಹೋದ. ಮೇಜಿನ ಮೇಲೆ ಎರಡು ಫೋನು, ಒಂದರ ಪಕ್ಕ ಒಂದು, ಎರಡೂ ಬಡಿದುಕೊಳ್ಳುತ್ತಿದ್ದವು. ಗೆರೆ ಮಾಮ ನಿಂತೇ ಹೇಳಿದ. ಕಾರ್ಯದರ್ಶಿ ಎರಡೂ ಫೋನನ್ನು ಕೆಳಗಿಟ್ಟರು.

"ಒಂದಡಿನಾ?"

"ಒಂದಡಿ ಸಾರ್. ಹಳೇ ಟೇಪಿನ ಅಭ್ಯಾಸ. ತಪ್ಪಾಗಿ ಹೋಯ್ತು. ನಾನೇ ಹೇಳ್ತೀನಿ ನಾಲ್ಕು ಗಂಟೆಗೆ."

"ಏನಂತ ಹೇಳ್ತೀರಿ? ತಪ್ಪಾಯ್ತು ಅಂತಾನಾ? ಹೊರಗಡೆ ಹೋಗಿ ನೋಡಿ, ತಪ್ಪು ಅಂದ್ರೆ ನಂಬೋ ಮುಖ ಒಂದಾದ್ರೂ ಇದೆಯಾ ಅಂತ." ಅವರು ಕೆಟ್ಟವರಲ್ಲ, ಹೆದರಿದ್ದರು, ಅಷ್ಟೇ. ದನಿ ತಗ್ಗಿಸಿದರು. "ನಿಮ್ಮ ಬಗ್ಗೆ ಬಿಡಿ. ಎಸೆದಿದ್ದು ಯಾರು? ನಿಮ್ಮ ತಂಗಿ ಮಗಳು. ಮಾವ ಹಲಗೆ ಸರಿಸಿದ, ಸೊಸೆ ಗೆದ್ದಳು ಅಂತಾರೆ. ಆ ಹುಡುಗಿ ಇನ್ನು ಜೀವನದಲ್ಲಿ ಚೆಂಡು ಮುಟ್ಟೋ ಹಾಗಿಲ್ಲ."

ಗೆರೆ ಮಾಮ ಕಿಟಕಿಯಿಂದ ಗೇಟಿನ ಕಡೆ ನೋಡಿದ.

"ಈಗ ಗಂಟೆ ಒಂದೂಮುಕ್ಕಾಲು," ಎಂದರು ಕಾರ್ಯದರ್ಶಿ. "ಮಣ್ಣಿಗೆ ನೀರು ಹಾಕೋ ಹೊತ್ತು. ಗೇಟಿಗೆ ಬೀಗ ಹಾಕಿಸ್ತೀನಿ. ನೀವು ನನಗೆ ಏನೂ ಹೇಳಿಲ್ಲ."

ತಪ್ಪನ್ನು ಸರಿಮಾಡುವುದರಲ್ಲಿ ತಪ್ಪೇನಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಲಗೆ ಎತ್ತಿದ. ಹಳೇ ಗುಂಡಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಅಂಗೈಯಿಂದ ತಟ್ಟಿ, ಮೇಲೆ ಒಣಮಣ್ಣು ಉದುರಿಸಿದ. ಒಂದು ಅಡಿ ಮುಂದೆ ಹಲಗೆ ಕೂರಿಸಿದ. ಕಲಸಿಹೋಗಿದ್ದ ಸುಣ್ಣದ ವೃತ್ತವನ್ನು ಅಳಿಸಿ ಹೊಸದು ಎಳೆದ. ಇಡೀ ಪ್ರಾಂತ್ಯದಲ್ಲಿ ಆ ಕೆಲಸವನ್ನು ಗುರುತು ಸಿಗದಂತೆ ಮಾಡಬಲ್ಲವನು ಅವನೊಬ್ಬನೇ. ಅಷ್ಟು ನಾಜೂಕಾಗಿ ಅವನು ಯಾವತ್ತೂ ಕೆಲಸ ಮಾಡಿರಲಿಲ್ಲ. ಮಾಡುವಾಗ ಒಂದು ಸಲವೂ ತಲೆ ಎತ್ತಿರಲಿಲ್ಲ. ಮುಗಿಯುವಾಗ ನಾಲ್ಕಕ್ಕೆ ಸ್ವಲ್ಪವೇ ಉಳಿದಿತ್ತು.

ನಾಲ್ಕಕ್ಕೆ ಎಲ್ಲರೂ ಬಂದರು. ಹೊಸ ಟೇಪು ಎಳೆದವನು ಅವನೇ. ನಲವತ್ತಮೂರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪತ್ರಿಕೆಯವರು ಫೋಟೋ ಹೊಡೆದರು. ಅತಿಥಿಗಳ ತರಬೇತುದಾರನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಎಡಗೈ ಹುಡುಗಿ ಮಾತ್ರ ಯಾರನ್ನೂ ನೋಡದೆ ಪ್ಲೇಟಿನ ಮೂಲೆಗೆ ಹಿಮ್ಮಡಿ ಒತ್ತಿ ಮತ್ತೆ ಪಾದದ ಮುಂದೆ ಪಾದ ಇಟ್ಟು ನಡೆದಳು. ನಲವತ್ತೊಂಬತ್ತಕ್ಕೆ ಹಲಗೆ ಸಿಕ್ಕಿತು. ಅಲ್ಲಿಯೇ ನಿಂತು ಗೆರೆ ಮಾಮನ ಕೈಗಳನ್ನು ನೋಡಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು.

ದುಭಾಷಿ ಹೇಳಿದ, "ಕೈ ಯಾಕೆ ಒದ್ದೆ ಇದೆ ಅಂತ ಕೇಳ್ತಿದ್ದಾಳೆ."

"ಮಣ್ಣಿಗೆ ನೀರು ಹಾಕ್ತಿದ್ದೆ," ಎಂದ ಗೆರೆ ಮಾಮ.

ಹುಡುಗಿ ತಲೆಯಾಡಿಸಿದಳು. ನಂಬಿದಳು ಎಂದು ಅದರ ಅರ್ಥವಲ್ಲ.

ಮರುದಿನ ಆ ತಂಡವನ್ನು ಅವರ ಸರ್ಕಾರವೇ ವಾಪಸು ಕರೆಸಿಕೊಂಡಿತು. ಬಸ್ಸು ಹೊರಟಾಗ ರಸ್ತೆಯ ಎರಡೂ ಬದಿಗೆ ಜನ ನಿಂತು ಸುಳ್ಳರು, ಸುಳ್ಳರು ಎಂದು ಕೂಗಿದರು. ಪತ್ರಿಕೆಯ ಮುಖಪುಟದಲ್ಲಿ ಗೆರೆ ಮಾಮ ಟೇಪು ಹಿಡಿದು ಬಗ್ಗಿದ್ದ. ಮೇಲೆ ದಪ್ಪ ಅಕ್ಷರದಲ್ಲಿ 'ತಪ್ಪದ ಕೈ' ಎಂದಿತ್ತು. ತಂಗಿ ಅದನ್ನು ಕತ್ತರಿಸಿ, ಸುಕ್ಕಿಲ್ಲದಂತೆ ಇಸ್ತ್ರಿ ಹಾಕಿ, ಗೋಡೆಗೆ ಅಂಟಿಸಿದಳು. ನಾಲ್ಕು ದಿನದ ನಂತರ ಅದೇ ಪತ್ರಿಕೆಯಲ್ಲಿ ಇನ್ನೊಂದು ಸಣ್ಣ ಸುದ್ದಿ ಬಂತು. ಎಡಗೈ ಹುಡುಗಿ ತನ್ನ ದೇಶದಲ್ಲಿ ತಪ್ಪೊಪ್ಪಿಕೊಂಡಿದ್ದಳು. ದೂರ ಸರಿಯಾಗಿಯೇ ಇತ್ತು, ನನ್ನ ತೋಳೇ ಕೈಕೊಟ್ಟಿತು, ತಂಡಕ್ಕೆ ನನ್ನಿಂದ ಅವಮಾನವಾಯಿತು ಎಂದಿದ್ದಳಂತೆ.

ಇದೆಲ್ಲ ಆಗುವ ಮೊದಲೇ, ಅಳತೆಯಾದ ಸಂಜೆಯೇ, ಕವಣೆ ಇಸ್ತ್ರಿ ಮೇಜಿನ ಮೂಲೆಗೆ ಒರಗಿಕೊಂಡು ಕೇಳಿದ್ದಳು.

"ಮಾಮ, ನಂದೂ ಚೆಂಡು ಬೀಳ್ತಿತ್ತು. ಅವಳು ಕೈಯೆತ್ತಿದಾಗ ನನಗೂ ಹಂಗೇ ಅನ್ನಿಸ್ತು. ಬೆಳಿಗ್ಗೆ ನಿಜವಾಗ್ಲೂ ನಲವತ್ಮೂರೇ ಇತ್ತಾ?"

ತಂಗಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು ಅಣ್ಣನ ಮುಖ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಮಗಳ ಹುಚ್ಚು ಪ್ರಶ್ನೆಗೆ ಅಣ್ಣ ಬೈಯುತ್ತಾನೇನೋ ಎಂದು ನೋಡಿದ್ದು.

"ನಲವತ್ಮೂರೇ ಇತ್ತು," ಎಂದ ಅವನು.

"ಹಂಗಾದ್ರೆ ನನ್ನ ತೋಳೇ ಸರಿ ಇಲ್ಲ," ಎಂದಳು ಕವಣೆ. ಅನುಮಾನ ಎಳ್ಳಷ್ಟೂ ಇರಲಿಲ್ಲ ಅವಳ ದನಿಯಲ್ಲಿ. ಮಾಮನ ಮಾತೊಂದು ಕಡೆ, ತನ್ನ ತೋಳೊಂದು ಕಡೆ ಎಂದಾದರೆ ಅವಳು ಯಾವುದನ್ನು ನಂಬುವಳೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಒಂದು ಹೊದಿಕೆಯ ಅಂಚು ಸರಿಮಾಡಿದ.

ಮಾರನೇ ದಿನದಿಂದಲೇ ಅವಳು ತೋಳನ್ನು ತಿದ್ದತೊಡಗಿದಳು. ಚೆಂಡು ಬೀಳುತ್ತದೆ, ಆದ್ದರಿಂದ ತಾನು ಬೇಗ ಬಿಡುತ್ತಿದ್ದೇನೆ ಎಂಬುದು ಅವಳ ತರ್ಕ. ಒಂದು ಚೂರು ತಡೆದು, ಎತ್ತರಕ್ಕೆ ಬಿಡುವುದನ್ನು ರೂಢಿಸಿಕೊಂಡಳು. ಮೂರು ದಿನದ ಮೇಲೆ ಇನ್ನೊಂದು ತಂಡದ ಎದುರು, ಸರಿಯಾದ ನಲವತ್ತಮೂರು ಅಡಿಯಿಂದ, ಆ ತಿದ್ದಿದ ತೋಳು ಚೆಂಡನ್ನು ಬ್ಯಾಟಿನವರ ಎದೆಮಟ್ಟಕ್ಕೆ ಹೂವಿನಂತೆ ಕೊಂಡೊಯ್ದು ಕೊಟ್ಟಿತು. ಅವರು ಹೊಡೆದರು. ಎರಡನೇ ಇನ್ನಿಂಗ್ಸಿನಲ್ಲಿ ಅವಳನ್ನು ಹೊರಗೆ ಕರೆದರು. ಮೊದಲ ದಿನ ಹೆಗಲ ಮೇಲೆ ಹೊತ್ತವರೇ ಅವಳು ಬೇಲಿ ದಾಟುವಾಗ ಮುಖ ತಿರುಗಿಸಿದರು.

ಪಂದ್ಯಾವಳಿ ಮುಗಿಯಿತು, ಗುಂಪುಗಳು ಗೇಟಿನಿಂದ ಎದ್ದು ಬೇರೆ ಯಾವುದೋ ಗೇಟಿಗೆ ಹೋದವು. ಕವಣೆ ಮಾತ್ರ ದಿನವೂ ಅಭ್ಯಾಸದ ಪಟ್ಟಿಯಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಒಂದು ದಿನ ಭುಜ ತಿರುಚುತ್ತಾಳೆ, ಇನ್ನೊಂದು ದಿನ ಹೆಜ್ಜೆ ಕಿರಿದು ಮಾಡುತ್ತಾಳೆ. ಹದಿಮೂರು ವರ್ಷದಲ್ಲಿ ಕಟ್ಟಿದ್ದನ್ನು ದಿನಕ್ಕೊಂದು ಇಟ್ಟಿಗೆಯಂತೆ ಕಿತ್ತು ಹಾಕುತ್ತಿದ್ದಳು. ಗೆರೆ ಮಾಮ ಹುಲ್ಲು ಕತ್ತರಿಸುತ್ತ ಅದನ್ನು ನೋಡುತ್ತಿದ್ದ. ಅವಳಿಗಾಗಿಯೇ ಸುಳ್ಳು ಹೇಳಿದೆ ಎಂಬ ಸಮಾಧಾನ ಮೊದಲ ವಾರವೇ ಹಳಸಿಹೋಯಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದಾಗಲೆಲ್ಲ ಗೋಡೆಯ ಮೇಲಿನ ಆ ಫೋಟೋ ಕಣ್ಣಿಗೆ ಬೀಳುತ್ತಿತ್ತು. ತನ್ನ ಹೆಸರಿನ ಮೇಲೆ ತನಗೆ ಇಷ್ಟೊಂದು ಆಸೆ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದರೂ ಬಾಯಿ ಬರಲಿಲ್ಲ.

ಇಪ್ಪತ್ತನೇ ದಿನ ಅವಳು ಕೈಗವಸನ್ನು ತೊಳೆದು, ಒರೆಸಿ, ಅವನ ಕೊಠಡಿಯ ಮೊಳೆಗೆ ನೇತುಹಾಕಿದಳು.

"ಹೊಸಬರು ಯಾರಾದ್ರೂ ಬಂದ್ರೆ ಕೊಡು ಮಾಮ. ಅಮ್ಮನ ಜೊತೆ ಇಸ್ತ್ರಿಗೆ ನಿಲ್ತೀನಿ. ನನ್ನ ತೋಳು ನನ್ನ ಮಾತು ಕೇಳ್ತಿಲ್ಲ."

ಅವನು ಕೈಗವಸನ್ನು ನೋಡಿದ. ಗುದ್ದಲಿ ಎತ್ತಿಕೊಂಡು ಮೈದಾನದ ನಡುವೆ ಹೋದ. ಹಲಗೆಯನ್ನು ಕಿತ್ತ. ಹೊಸ ಟೇಪು ಸಿಕ್ಕಿಸಿ ನಲವತ್ತನಾಲ್ಕಕ್ಕೆ ಎಳೆದು, ಅಲ್ಲಿ ಹಲಗೆ ಕೂರಿಸಿ, ಮಣ್ಣು ತಟ್ಟಿದ. ಕವಣೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಾ ಇಲ್ಲಿ," ಎಂದ. "ನಿನ್ನ ಹಳೇ ತೋಳಲ್ಲಿ ಎಸಿ. ತಿದ್ದೋಕೆ ಮುಂಚೆ ಇತ್ತಲ್ಲ, ಅದರಲ್ಲಿ."

ಅವಳು ಎಸೆದಳು. ಚೆಂಡು ಬಂದು ಬಂದು ಪ್ಲೇಟಿನ ಹತ್ತಿರ ಕೆಳಗೆ ಬಿತ್ತು. ಇನ್ನೊಂದು ಎಸೆದಳು. ಅದೂ ಬಿತ್ತು. ಮೂರನೆಯದನ್ನು ಎಸೆಯಲು ತೋಳೆತ್ತಿ, ಎಸೆಯದೆ, ನಿಧಾನವಾಗಿ ಇಳಿಸಿದಳು.

"ಇದು ಅವತ್ತಿಂದು," ಎಂದಳು.

"ಹೌದು. ಒಂದಡಿ ಹೆಚ್ಚಿತ್ತು. ನನ್ನ ಕೈ ತಪ್ಪು. ಮಧ್ಯಾಹ್ನ ನಾನೇ ಸರಿ ಮಾಡಿದೆ. ನಿನ್ನ ಹೆಸರು ಕೆಡಬಾರ್ದು ಅಂತ ಮಾಡಿದೆ. ಆಮೇಲೆ ನನ್ನ ಹೆಸರು ಕೆಡಬಾರ್ದು ಅಂತ ಸುಮ್ನಿದ್ದೆ."

ಕವಣೆ ಹಲಗೆಯ ಮೇಲೆಯೇ ಕೂತಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಇಪ್ಪತ್ತು ದಿನ ಗೋಡೆಗೆ ಹೊಡೆದೆ. ನೀನು ಅಲ್ಲೇ ಹುಲ್ಲು ಕತ್ತರಿಸ್ತಿದ್ದೆ."

"ಹೌದು."

ಅವಳು ಹಲಗೆಯ ಅಂಚಿನ ಮಣ್ಣನ್ನು ಬೆರಳಲ್ಲಿ ಕೆದಕಿದಳು. ಆಮೇಲೆ ಕೇಳಿದಳು, "ಅವಳಿಗೆ ಯಾರು ಹೇಳ್ತಾರೆ?"

"ಯಾರಿಗೆ?"

"ಆ ಎಡಗೈಯವಳಿಗೆ. ಅವಳೂ ಎಲ್ಲೋ ಗೋಡೆಗೆ ಹೊಡೀತಿರ್ತಾಳೆ ಮಾಮ. ಅವಳಿಗೆ ಹಲಗೆ ಹಾಕಿ ತೋರಿಸೋಕೆ ಯಾರಿದ್ದಾರೆ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಆ ದೇಶಕ್ಕೆ ಅಂಚೆ ಇರಲಿಲ್ಲ, ಫೋನು ಇರಲಿಲ್ಲ. ಇಲ್ಲಿಂದ ಅಲ್ಲಿಗೆ ದಾಟುತ್ತಿದ್ದದ್ದು ಒಂದೇ, ಪತ್ರಿಕೆಯ ಸುದ್ದಿ. ಅದೂ ಕೆಟ್ಟ ಸುದ್ದಿಯಾದರೆ ಮಾತ್ರ.

"ಹೇಳಿದ್ರೆ ನೀನು ಗೆದ್ದಿದ್ದು ಹೋಗುತ್ತೆ," ಎಂದ.

"ಹೋಗ್ಲಿ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ."

ಮರುದಿನ ಬೆಳಿಗ್ಗೆ ಗೆರೆ ಮಾಮ ಒಗೆದ ಅಂಗಿ ತೊಟ್ಟು ಪತ್ರಿಕೆಯ ಕಚೇರಿಗೆ ಹೋದ. 'ತಪ್ಪದ ಕೈ' ಎಂದು ಬರೆದಿದ್ದ ವರದಿಗಾರನೇ ಸಿಕ್ಕ. ಎರಡೂ ಟೇಪುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಮೊದಲಿನಿಂದ ಕೊನೆಯವರೆಗೂ ಹೇಳಿದ. ಮಣ್ಣಿಗೆ ನೀರು ಹಾಕಿಸಿದವರು ಯಾರು ಎಂಬುದನ್ನು ಹೇಳಲಿಲ್ಲ. ವರದಿಗಾರ ಹಿತ್ತಾಳೆಯ ಬಳೆಯನ್ನು ಬೆರಳಲ್ಲಿ ತಿರುಗಿಸಿದ.

"ಯಜಮಾನ್ರೇ, ಇದನ್ನ ಯಾರು ಹೇಳಿಸ್ತಿದ್ದಾರೆ ನಿಮ್ಮ ಹತ್ರ?"

"ಯಾರೂ ಇಲ್ಲ. ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ. ಆ ಹುಡುಗಿ ತೋಳು ಸರಿಯಾಗಿತ್ತು ಅಂತ ಒಂದು ಸಾಲು ಹಾಕಿ. ಅವಳು ಅಳೆದಿದ್ದು ಸರಿ ಅಂತ."

ಸುದ್ದಿ ಬಂತು. ಇಲ್ಲಿಯವರು, ಶತ್ರುವಿನಿಂದ ದುಡ್ಡು ತಿಂದಿದ್ದಾನೆ ಎಂದರು. ಅಲ್ಲಿಯವರು, ಸರ್ಕಾರವೇ ಹಲಗೆ ಸರಿಸಿತ್ತು, ಈಗ ಮುದುಕನ ತಲೆಗೆ ಕಟ್ಟುತ್ತಿದೆ ಎಂದರು. ಅದು ಬರೀ ಒಂದು ತಪ್ಪಾಗಿರಲು ಸಾಧ್ಯವೇ ಇಲ್ಲ ಎಂಬ ಒಂದು ಮಾತಿನಲ್ಲಿ ಮಾತ್ರ ಆ ವರ್ಷ ಎರಡೂ ದೇಶಗಳಿಗೆ ಒಮ್ಮತವಿತ್ತು. ಪಂದ್ಯವನ್ನು ರದ್ದು ಮಾಡಿದರು. ಗೆರೆ ಮಾಮನನ್ನು ಕೆಲಸದಿಂದ ತೆಗೆದರು. ಕಾಗದಕ್ಕೆ ಸಹಿ ಹಾಕುವಾಗ ಕಾರ್ಯದರ್ಶಿ ಅವನ ಕಣ್ಣು ತಪ್ಪಿಸಿದರು. ತಂಗಿ ಗೋಡೆಯ ಫೋಟೋವನ್ನು ಕೆರೆದು ತೆಗೆದಳು. ಏನೂ ಬೈಯಲಿಲ್ಲ. ತಟ್ಟೆಗೆ ಬಡಿಸುವಾಗ ಸೌಟು ಸ್ವಲ್ಪ ಜೋರಾಗಿ ಸದ್ದು ಮಾಡಿತು. ಅವನು ಕೇಳಿದ್ದ ಆ ಒಂದು ಸಾಲು ಸುದ್ದಿಯ ಕಟ್ಟಕಡೆಯಲ್ಲಿ ಬಂದಿತ್ತು. ಎಡಗೈ ಹುಡುಗಿಯ ಕಣ್ಣಿಗೆ ಅದು ಬಿತ್ತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ.

ಈಗ ಮೈದಾನಕ್ಕೆ ಬೇರೆಯವನು ಬಂದಿದ್ದಾನೆ, ಹಳದಿ ಟೇಪು ಅವನ ಕೈಯಲ್ಲಿದೆ. ಗೆರೆ ಮಾಮ ಮನೆಯಲ್ಲಿ ಹೊದಿಕೆ ಮಡಿಸುತ್ತಾನೆ. ಕವಣೆ ತಿಂಗಳುಗಟ್ಟಲೆ ಒದ್ದಾಡಿ ತೋಳನ್ನು ಮರಳಿ ತಂದುಕೊಂಡಳು. ದೇಶದ ತಂಡಕ್ಕಲ್ಲದಿದ್ದರೂ ಊರಿನ ತಂಡಕ್ಕೆ ಆಡುತ್ತಾಳೆ. ಮನೆಯಲ್ಲಿ ಮಾಮನಿಗೆ ಚಹಾ ತಂದುಕೊಡುತ್ತಾಳೆ, ನಗುತ್ತಾಳೆ, ಕಾಲು ನೋವು ಹೇಗಿದೆ ಎಂದು ಕೇಳುತ್ತಾಳೆ. ಪಂದ್ಯವಿದ್ದ ದಿನ ಅವನು ಹೋಗಿ ಬೇಲಿಯ ಹೊರಗಿನ ಬೆಂಚಿನಲ್ಲಿ ಕೂರುತ್ತಾನೆ. ಅವಳು ಹೋಮ್ ಪ್ಲೇಟಿನ ಮೂಲೆಗೆ ಹಿಮ್ಮಡಿ ಒತ್ತಿ, ಒಂದರ ಮುಂದೊಂದು ಪಾದ ಇಟ್ಟು, ತಲೆ ಬಗ್ಗಿಸಿ ಹಲಗೆಯತ್ತ ನಡೆಯುತ್ತಾಳೆ. ಅವನೂ ಇತ್ತ ಕೂತು ಬಾಯೊಳಗೇ ಎಣಿಸುತ್ತಾನೆ. ಅವಳ ಪಾದ ಎಡಗೈ ಹುಡುಗಿಯದಕ್ಕಿಂತ ಚಿಕ್ಕದು, ನಲವತ್ತಮೂರು ಅಡಿಗೆ ಐವತ್ತು ಪಾದ; ಐವತ್ತಕ್ಕೆ ಅವಳ ಬೂಟಿನ ತುದಿ ಹಲಗೆಗೆ ತಾಗುತ್ತದೆ. ಸರಿ ಇದೆ ಎಂದು ಹೇಳಲು ಅವನ ತುಟಿ ಪ್ರತಿ ಸಲವೂ ಸಿದ್ಧವಾಗಿರುತ್ತದೆ. ಅವಳು ಬೇಲಿಯ ಕಡೆ ತಿರುಗುವುದಿಲ್ಲ.